ಜ್ವಾಲಾ ಸವೆತ, ಮ್ಯಾಗ್ನಮ್ ರಿವಾಲ್ವರ್‌ಗಳಲ್ಲಿ

ರಿವಾಲ್ವರ್‌ನ ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಕಿರುಸಂದಿಯಿಂದ ನುಗ್ಗುವ ಬಿಸಿ ಅನಿಲ ಹಾಗೂ ಉರಿಯುವ ಮದ್ದಿನ ಕಣಗಳು ಉಕ್ಕನ್ನು ಕೊರೆಯುವುದಕ್ಕೆ ಜ್ವಾಲಾ ಸವೆತ ಎಂದು ಹೆಸರು. ಸಂದಿಯ ಅಗಲ ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಸಂದಿಯ ನೇರ ಮೇಲಿರುವ ಚೌಕಟ್ಟಿನ ಪಟ್ಟಿಯಲ್ಲಿ ಅಡ್ಡಲಾಗಿ ಸಣ್ಣ ಗೀರು ಮೂಡುತ್ತದೆ. ಅದು ಸ್ವಲ್ಪ ಆಳಕ್ಕಿಳಿದ ಮೇಲೆ ಬಹುಮಟ್ಟಿಗೆ ನಿಲ್ಲುತ್ತದೆ. ಬ್ಯಾರೆಲ್‌ನ ಹಿಂಬಾಯಿಯಾದ ಫೋರ್ಸಿಂಗ್ ಕೋನ್ ಸವೆದು ಬಿರುಕು ಬಿಡುವುದು ಹೆಚ್ಚು ಗಂಭೀರ.

ಅಮೆರಿಕದಲ್ಲಿ .357 ಮ್ಯಾಗ್ನಮ್ ಕಾಡತೂಸು 1935ರಲ್ಲಿ, .44 ಮ್ಯಾಗ್ನಮ್ ಕಾಡತೂಸು 1955ರಲ್ಲಿ ಬಂದವು. 1983ರ .357 ಮ್ಯಾಕ್ಸಿಮಮ್ ಕಾಡತೂಸಿನಲ್ಲಿ ಈ ಸವೆತ ಎದ್ದುಕಂಡಿತು. ರೂಗರ್ ಕಂಪನಿ ಅದಕ್ಕೆ ರೂಪಿಸಿದ್ದ ರಿವಾಲ್ವರ್‌ನ ತಯಾರಿಕೆಯನ್ನು ಬೇಗನೆ ನಿಲ್ಲಿಸಿತು.

ಕಾಡತೂಸಿಗೆ ಮದ್ದು, ಗುಂಡು ತಾವೇ ತುಂಬಿಕೊಳ್ಳುವವರ ಆಯ್ಕೆ ಇಲ್ಲಿ ನಿರ್ಣಾಯಕ. 110 ಅಥವಾ 125 ಗ್ರೇನ್‌ನ ಹಗುರ, ಗಿಡ್ಡ ಗುಂಡು ಸಂದಿಯನ್ನು ಬೇಗ ದಾಟುತ್ತದೆ. ಆಗ ಅದರ ಹಿಂದೆ ಹೆಚ್ಚು ಮದ್ದು ಇನ್ನೂ ಉರಿಯುತ್ತಿರುತ್ತದೆ. ಆದ್ದರಿಂದ .357ರಲ್ಲಿ ಸುಮಾರು 10.2 ಗ್ರಾಂ ತೂಗುವ 158 ಗ್ರೇನ್ ಗುಂಡು, ಮಿತವಾದ ಮದ್ದು ಮತ್ತು ಕಡಿಮೆ ವೇಗ ಲೋಹವನ್ನು ಉಳಿಸುತ್ತವೆ. ನಿಧಾನವಾಗಿ ಉರಿಯುವ ಗೋಳಕಣದ ಮದ್ದಿನ ಪೂರ್ಣ ಪ್ರಮಾಣ ಸವೆತವನ್ನು ಹೆಚ್ಚಿಸುತ್ತದೆ. ಆದರೆ ಆ ಬಗೆಯ ಎಚ್-110ರಂಥ ಮದ್ದಿನ ಪ್ರಮಾಣವನ್ನು ಮನಬಂದಂತೆ ಇಳಿಸಿದರೆ ದಹನ ಅಸ್ಥಿರವಾಗಿ ಗುಂಡು ಬ್ಯಾರೆಲ್‌ನಲ್ಲೇ ಸಿಲುಕಬಹುದು. ಮೃದು ಹೊಡೆತ ಬೇಕಿದ್ದರೆ ಮದ್ದಿನ ಬಗೆಯನ್ನೇ ಬದಲಿಸಬೇಕು; ತಯಾರಕರು ಪ್ರಕಟಿಸಿದ ಪ್ರಮಾಣವನ್ನು ಮೀರಲೂಬಾರದು, ಅದಕ್ಕಿಂತ ಇಳಿಸಲೂಬಾರದು.