ಯಕೃತ್ತಿನ ಜೀವಕೋಶ: ಹೆಪ್ಪುಗಟ್ಟಿಸಿದ ಮೇಲೂ ಬದುಕಿಸುವ ಬಗೆ

ಕನಕಪುರ ರಸ್ತೆಯ ಹಾರೋಹಳ್ಳಿ ಸುತ್ತಮುತ್ತಲಿನ ಹೈನುಗಾರರಿಗೆ ದ್ರವ ಸಾರಜನಕದ ಕ್ಯಾನ್ ಹೊಸದಲ್ಲ. ಹಸುಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯನಳಿಕೆಗಳು ಅದರಲ್ಲಿಯೇ, ಮೈನಸ್ 196 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ, ವರ್ಷಗಟ್ಟಲೆ ಕೆಡದೆ ಉಳಿಯುತ್ತವೆ. ಔಷಧ ಸಂಶೋಧನೆಗೆ ಅಗತ್ಯವಾದ ಮನುಷ್ಯನ ಯಕೃತ್ತಿನ ಜೀವಕೋಶಗಳನ್ನು ಕಾಪಿಡುವುದೂ ಇದೇ ಶೈತ್ಯದಲ್ಲಿ. ಆದರೆ ವೀರ್ಯಾಣುವಿಗಿಂತ ಬಹಳ ದೊಡ್ಡದಾದ, ಹೆಚ್ಚು ನೀರು ತುಂಬಿದ ಈ ಕೋಶ ಅಷ್ಟು ಸುಲಭವಾಗಿ ಬದುಕಿ ಬರುವುದಿಲ್ಲ.

ಸೇವಿಸಿದ ಔಷಧಗಳಲ್ಲಿ ಬಹುಪಾಲನ್ನು ವಿಭಜಿಸುವುದು ಯಕೃತ್ತು. ಆದ್ದರಿಂದ ಹೊಸ ಔಷಧವೊಂದು ದೇಹದಲ್ಲಿ ಎಷ್ಟು ಹೊತ್ತು ಉಳಿದೀತು, ವಿಷವಾದೀತೇ ಎಂಬುದನ್ನು ಮೊದಲು ಈ ಕೋಶಗಳ ಮೇಲೆ ಪರೀಕ್ಷಿಸಲಾಗುತ್ತದೆ. ಬೆಂಗಳೂರಿನ ಪಂಡೋರಂ ಟೆಕ್ನಾಲಜೀಸ್ 2015ರಲ್ಲಿ ತ್ರಿಆಯಾಮ ಮುದ್ರಣದಿಂದ ಯಕೃತ್ತಿನ ಅಂಗಾಂಶ ರೂಪಿಸಿದಾಗಲೂ ಔಷಧ ಪರೀಕ್ಷೆ ಅದರ ಉದ್ದೇಶಗಳಲ್ಲೊಂದಾಗಿತ್ತು.

ಪ್ರೌಢ ಯಕೃತ್ ಕೋಶಗಳು ಪ್ರಯೋಗಾಲಯದ ತಟ್ಟೆಯಲ್ಲಿ ವೃದ್ಧಿಯಾಗುವುದು ತೀರಾ ಕಡಿಮೆ. ದಾನವಾಗಿ ಬಂದರೂ ಕಸಿಗೆ ಯೋಗ್ಯವಲ್ಲವೆಂದು ಕಂಡುಬಂದ ಯಕೃತ್ತುಗಳೇ ಇವುಗಳ ಮುಖ್ಯ ಮೂಲ. ಅಂಥದ್ದು ಯಾವಾಗ ಲಭಿಸುವುದೋ ಹೇಳಲಾಗದು. ಬೇರ್ಪಡಿಸಿದ ಕೋಶಗಳೋ ಬೇಗನೆ ಗುಣ ಕಳೆದುಕೊಳ್ಳುತ್ತವೆ. ಹೀಗಾಗಿ ಹೆಪ್ಪುಗಟ್ಟಿಸುವುದು ಅನಿವಾರ್ಯ.

ಕೋಶಕ್ಕೆ ಅಪಾಯ ಒದಗುವುದು ಶೈತ್ಯದ ಆಳದಲ್ಲಲ್ಲ, ಅಲ್ಲಿಗೆ ಹೋಗಿ ಬರುವ ದಾರಿಯಲ್ಲಿ. ತೀರಾ ವೇಗವಾಗಿ ತಣಿಸಿದರೆ ಕೋಶದೊಳಗೆ ಹಿಮದ ಹರಳು ಮೂಡುತ್ತದೆ. ತೀರಾ ನಿಧಾನವಾದರೆ ನೀರು ಹೊರಹೋಗಿ, ಲವಣ ಸಾಂದ್ರಗೊಂಡು ಕೋಶ ಸೊರಗುತ್ತದೆ. ಈ ಎರಡು ಬಗೆಯ ಹಾನಿಯನ್ನು ಪೀಟರ್ ಮೇಜರ್ ಮತ್ತು ಸಂಗಡಿಗರು 1972ರಲ್ಲಿ ವಿವರಿಸಿದರು. ಗ್ಲಿಸರಾಲ್ ಬೆರೆಸಿದರೆ ವೀರ್ಯಾಣುಗಳು ಉಳಿಯುತ್ತವೆಂಬುದು 1949ರಲ್ಲಿ ಬ್ರಿಟನ್ನಿನಲ್ಲಿ ತಿಳಿದುಬಂದಿತ್ತು. ಯಕೃತ್ ಕೋಶಗಳಿಗೆ ಸಾಮಾನ್ಯವಾಗಿ ಬಳಸುವುದು ಶೇ. 10ರಷ್ಟು ಡೈಮೀಥೈಲ್ ಸಲ್ಫಾಕ್ಸೈಡ್. ಮೊದಲಿಗೆ ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ತಣಿಸಿ, ಬಳಿಕ ದ್ರವ ಸಾರಜನಕಕ್ಕೆ ಸೇರಿಸಲಾಗುತ್ತದೆ.

ಕರಗಿಸುವಾಗ ಕ್ರಮ ತಿರುಗುಮುರುಗು. ನಿಧಾನವಾಗಿ ಕರಗಿಸಿದರೆ ಸಣ್ಣ ಹರಳುಗಳು ಮತ್ತೆ ಬೆಳೆಯುತ್ತವೆ. ಆದ್ದರಿಂದ ಸೀಸೆಯನ್ನು 37 ಡಿಗ್ರಿ ನೀರಿನಲ್ಲಿಟ್ಟು, ಹಿಮದ ಕೊನೆಯ ತುಣುಕು ಉಳಿದಿರುವಾಗಲೇ ಹೊರತೆಗೆಯುತ್ತಾರೆ. ರಕ್ಷಕ ರಾಸಾಯನಿಕವನ್ನು ಮಾತ್ರ ಮೆಲ್ಲನೆ ತೆಳುಗೊಳಿಸಬೇಕು. ಇಲ್ಲವಾದರೆ ನೀರು ಒಮ್ಮೆಲೆ ನುಗ್ಗಿ ಕೋಶ ಬಿರಿಯುತ್ತದೆ.

ಬದುಕಿದವನ್ನು ಎಣಿಸಲು ಟ್ರಿಪಾನ್ ಬ್ಲೂ ಎಂಬ ಬಣ್ಣವಿದೆ. ಹೊರಪೊರೆ ಹರಿದ ಕೋಶ ಮಾತ್ರ ನೀಲಿಯಾಗುತ್ತದೆ. ಆದರೆ ಪೊರೆ ಸರಿಯಿದ್ದು ಒಳಗಿನ ಮೈಟೋಕಾಂಡ್ರಿಯ ಜಖಂಗೊಂಡ ಕೋಶಗಳು ಈ ಎಣಿಕೆಯಲ್ಲಿ ಜೀವಂತವೆನಿಸಿ, ಒಂದು ದಿನದೊಳಗೆ ಸಾಯುವುದುಂಟು. ಆ ಎಣಿಕೆಯನ್ನಷ್ಟೇ ನಂಬಿದರೆ ದುರ್ಬಲ ಕೋಶಗಳಿಂದಾಗಿ ಔಷಧ ನಿಧಾನವಾಗಿ ಕರಗುವಂತೆ ತೋರಿ, ಮುಂದಿನ ಡೋಸ್ ಲೆಕ್ಕಾಚಾರವೇ ತಪ್ಪಬಹುದು. ಆದುದರಿಂದ ಕೋಶಗಳು ಕೊಲಾಜೆನ್ ಲೇಪಿತ ತಟ್ಟೆಗೆ ಅಂಟಿಕೊಂಡವೇ, ಆಲ್ಬುಮಿನ್ ಹಾಗೂ ಯೂರಿಯ ತಯಾರಿಸುತ್ತಿವೆಯೇ ಎಂಬುದನ್ನು ಮರುದಿನ ನೋಡಲಾಗುತ್ತದೆ.

ಯಕೃತ್ತು ಪೂರ್ಣವಾಗಿ ಕಸಿಯಾಗದಿದ್ದರೂ ದಾನಿಯ ಕೊಡುಗೆ ವ್ಯರ್ಥವಾಗದಿರಲು ಈ ಮರುದಿನದ ಪರೀಕ್ಷೆಯಲ್ಲಿ ಗೆಲ್ಲುವ ಕೋಶಗಳ ಸಂಖ್ಯೆ ಹೆಚ್ಚಬೇಕಾಗಿದೆ.