ಪದ ಪರಿಚಯ: ಆಟ್ರಿಬ್ಯೂಟ್

ಲ್ಯಾಟಿನ್ನಿನ ‘ಆಟ್ರಿಬ್ಯುಎರೆ’ ಎಂದರೆ ಇಂಥವರಿಗೆ ಇಂಥದ್ದು ಎಂದು ಹಂಚಿಕೊಡುವುದು. ಆಟ್ರಿಬ್ಯೂಟ್ ಹುಟ್ಟಿದ್ದು ಅಲ್ಲಿಂದ. ಕಡತಗಳ ಬದಲಾವಣೆಗಳ ದಾಖಲೆ ಇಡುವ ಗಿಟ್‌ ತಂತ್ರಾಂಶದಲ್ಲಿ ಈ ಮೂಲಾರ್ಥ ಇನ್ನೂ ಜೀವಂತ: ಯಾವ ಕಡತಕ್ಕೆ ಯಾವ ಗುಣ ಎಂಬುದನ್ನು ‘ಗಿಟ್‌ಆಟ್ರಿಬ್ಯೂಟ್ಸ್’ ಕಡತದಲ್ಲಿ ನಾವೇ ಬರೆದಿಡುತ್ತೇವೆ. ‘ಟೆಕ್ಸ್ಟ್’ ಎಂದು ಬರೆದರೆ ಸಾಲಿನ ಕೊನೆಯ ಗುರುತುಗಳನ್ನು ಗಿಟ್ ಒಂದೇ ರೂಪಕ್ಕೆ ತರುತ್ತದೆ. ಆ ಪದದ ಆರಂಭಕ್ಕೆ ಕಳೆಯುವ ಚಿಹ್ನೆ ಹಾಕಿದರೆ ಅವನ್ನು ಮುಟ್ಟುವುದಿಲ್ಲ. ಚಿತ್ರದ ಕಡತಗಳು ಕೆಡದಂತೆ ಕಾಯುವುದು ಹೀಗೆ.

ಗಿಟ್‌ನ ಕೆಲಸಗಳನ್ನು ಮಾಡಿಕೊಡುವ, ಸಿ ಭಾಷೆಯ ‘ಲಿಬ್‌ಗಿಟ್2’ ಲೈಬ್ರರಿಯನ್ನು ಒಂದು ಗುಣದ ಬಗ್ಗೆ ಕೇಳಿದರೆ ಬರುವ ಉತ್ತರ 4 ಬಗೆ: ಹೌದು, ಇಲ್ಲ, ಬರೆದಿಟ್ಟ ಒಂದು ಮೌಲ್ಯ, ಅಥವಾ ಏನೂ ಹೇಳಿಲ್ಲ. ‘ಇಲ್ಲ’ವನ್ನೂ ‘ಹೇಳಿಲ್ಲ’ವನ್ನೂ ಬೇರೆಯಾಗಿಟ್ಟಿರುವುದು ನಿಜಕ್ಕೂ ಸೊಗಸು.

ಕನ್ನಡದಲ್ಲಿ ‘ಗುಣಲಕ್ಷಣ’ ಎನ್ನುತ್ತೇವೆ. ಅದು ಹುಟ್ಟುಗುಣದಂತೆ ಕೇಳಿಸುತ್ತದೆ. ಇಲ್ಲಿಯದು ಕೊಟ್ಟ ಗುಣ. ಹಾಗಾಗಿ ‘ಆಟ್ರಿಬ್ಯೂಟ್’ ಎಂದೇ ಬಳಸುವುದು ಮೇಲು.