ಊರಿನ ಹೆಸರಿಗೆ ಬರೆದ ತೀರ್ಪು: ಮೆಟ್ಟೂರು–ಧರ್ಮಪುರಿ ಸೀಮೆಯ ಅನುಭವ

ಮೆಟ್ಟೂರಿನಿಂದ ಕೊಳತ್ತೂರು ದಾಟಿ ಹೊರಟ ಬಸ್ಸು ಪಾಲಾರ್ ಸೇತುವೆ ಹಾದರೆ ಕರ್ನಾಟಕದ ನೆಲ. ಮಲೆ ಮಹದೇಶ್ವರನ ಬೆಟ್ಟಕ್ಕೆ ಸೇಲಂ ಕಡೆಯ ಭಕ್ತರು ಬರುವುದೂ ಇದೇ ದಾರಿಯಲ್ಲಿ. ಇಲ್ಲಿಂದ ಕಾಡಿನೊಳಗೆ ಸಾಗಿದರೆ ಗೋಪಿನಾಥಂ ಸಿಗುತ್ತದೆ. 1990ರ ದಶಕದ ಆರಂಭದಲ್ಲಿ ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದೆ. ಆಡಳಿತ ಕನ್ನಡದ್ದು, ಮನೆಮಾತು ತಮಿಳು. ಗಂಧಗಳ್ಳ ವೀರಪ್ಪನ್ ಹುಟ್ಟಿದ ಊರು ಎಂಬ ಒಂದೇ ಗುರುತು ಅದರ ಉಳಿದೆಲ್ಲ ಗುರುತುಗಳನ್ನು ನುಂಗಿಹಾಕಿತು. ಒಬ್ಬನ ಅಪರಾಧವನ್ನು ಊರಿಗೇ ಹೊರಿಸುವ ಅಭ್ಯಾಸ ಹೇಗೆ ಬೇರೂರುತ್ತದೆ, ಅದನ್ನು ಮೀರಿದವರು ಏನು ಮಾಡಿದರು ಎಂಬುದು ಈ ಲೇಖನದ ವಿಷಯ. ಒಳ್ಳೆಯ ಮನಸ್ಸು ಮಾತ್ರದಿಂದ ಈ ಅಭ್ಯಾಸ ಬಿಟ್ಟುಹೋಗದು. ಹತ್ತಿರ ಹೋಗಿ ಒಬ್ಬೊಬ್ಬರ ಮಾತನ್ನೂ ಬೇರೆಬೇರೆಯಾಗಿ ಕೇಳುವ ನಿಧಾನದ ಕೆಲಸ ಅದಕ್ಕೆ ಬೇಕು ಎಂಬುದು ನನ್ನ ವಾದ.

ಪರರ ನಡತೆಗೆ ಅವರ ಸ್ವಭಾವವನ್ನೇ ಕಾರಣವೆಂದುಕೊಂಡು ಅವರ ಪರಿಸ್ಥಿತಿಯನ್ನು ಮರೆಯುವುದು ಮನುಷ್ಯರ ಸಾಮಾನ್ಯ ದೋಷ ಎಂದು ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ವಿವರಿಸಿದರು. ಗಂಧದ ಕೊರಡು ಹೊತ್ತವನನ್ನು ನಾವು ಕಳ್ಳನೆಂದು ಕರೆಯುತ್ತೇವೆ. ಅವನ ಹೊಲಕ್ಕೆ ಮಳೆ ಬಿದ್ದಿತ್ತೇ, ಕಾಡಿನ ಹೊರಗೆ ಅವನಿಗೆ ಕೂಲಿ ಇತ್ತೇ, ಬಂದೂಕು ಹಿಡಿದವನಿಗೆ ಇಲ್ಲವೆನ್ನಲು ಅವನಿಂದ ಸಾಧ್ಯವಿತ್ತೇ ಎಂದು ಕೇಳುವುದಿಲ್ಲ.

ಈ ಪ್ರಶ್ನೆಗಳನ್ನು ಕೇಳಿದವರು ಪಿ. ಶ್ರೀನಿವಾಸ್. ರಾಜಮಹೇಂದ್ರಿಯಲ್ಲಿ ಹುಟ್ಟಿ, ಭಾರತೀಯ ಅರಣ್ಯ ಸೇವೆಯಿಂದ ಕರ್ನಾಟಕಕ್ಕೆ ಬಂದ ಅಧಿಕಾರಿ. ವೀರಪ್ಪನ್‌ನನ್ನು ಹಿಡಿಯುವ ಕೆಲಸದಲ್ಲಿದ್ದುಕೊಂಡೇ ಅವರು ಗೋಪಿನಾಥಂನಲ್ಲಿ ನೆಲೆಸಿದರು. ಊರಿಗೆ ಔಷಧ ತಂದರು, ಬಡವರಿಗೆ ಮನೆ ಕಟ್ಟಿಸಿದರು, ಮಾರಿಯಮ್ಮನ ಗುಡಿ ಎಬ್ಬಿಸಲು ಮುಂದೆ ನಿಂತರು. ವೀರಪ್ಪನ್ ತಂಡದಲ್ಲಿದ್ದ ಕೆಲವರು ಅವರ ಮಾತು ನಂಬಿ ಶರಣಾದರು. ಗಾರ್ಡನ್ ಆಲ್‌ಪೋರ್ಟ್ 1954ರ ತಮ್ಮ ಗ್ರಂಥದಲ್ಲಿ ಪೂರ್ವಗ್ರಹ ಕರಗಲು ಸಮಾನ ಸ್ಥಾನ, ಒಂದೇ ಗುರಿ, ಕೂಡಿ ದುಡಿಮೆ, ವ್ಯವಸ್ಥೆಯ ಬೆಂಬಲ ಎಂಬ ನಾಲ್ಕು ಅನುಕೂಲಗಳನ್ನು ಹೇಳುತ್ತಾರೆ. ಖಾಕಿ ತೊಟ್ಟ ಅಧಿಕಾರಿಗೂ ಅವನಿಗೆ ಹೆದರುವ ಕೂಲಿಯವನಿಗೂ ಸಮಾನ ಸ್ಥಾನ ಎಲ್ಲಿಂದ ಬರಬೇಕು? ಆ ಕೊರತೆಯನ್ನು ಶ್ರೀನಿವಾಸ್ ಅಲ್ಲೇ ಬಾಳಿ ತುಂಬಲು ಹೊರಟರು. ನನ್ನ ದೃಷ್ಟಿಯಲ್ಲಿ ಆಲ್‌ಪೋರ್ಟರ ಸಿದ್ಧಾಂತ ಇಲ್ಲಿ ಸಾಲದಾಗುತ್ತದೆ, ಮೊದಲು ಹೆಜ್ಜೆಯಿಡುವವನು ತೆರುವ ಬೆಲೆಗೆ ಅದರಲ್ಲಿ ಜಾಗವಿಲ್ಲ.

ಬೆಲೆ ದೊಡ್ಡದೇ ಆಯಿತು. ಶರಣಾಗುತ್ತೇನೆಂಬ ಮಾತು ನಂಬಿ ನಿರಾಯುಧರಾಗಿ ಹೋದ ಶ್ರೀನಿವಾಸರನ್ನು ವೀರಪ್ಪನ್ 1991ರ ನವೆಂಬರ್ 10ರಂದು ಕೊಂದ. ಸರ್ಕಾರ ಅವರಿಗೆ ಮರಣೋತ್ತರ ಕೀರ್ತಿ ಚಕ್ರ ನೀಡಿತು. ಜನರನ್ನು ನಂಬಿದ್ದೇ ತಪ್ಪಾಯಿತೆಂದು ಈ ಸಾವಿನಿಂದ ತೀರ್ಮಾನಿಸುವವರಿದ್ದಾರೆ. ನಾನು ಒಪ್ಪಲಾರೆ. ಶ್ರೀನಿವಾಸರನ್ನು ಕೊಂದದ್ದು ಒಬ್ಬ ಮನುಷ್ಯ ಮತ್ತು ಅವನ ತಂಡ. ಅವರ ಭಾವಚಿತ್ರವನ್ನು ಗುಡಿಯಲ್ಲಿಟ್ಟು ಕೈಮುಗಿಯುತ್ತಿರುವುದು ಊರು. ಜನರ ಮೇಲೆ ತೀರ್ಪು ಕೊಡದಿರುವುದೆಂದರೆ ಕೃತ್ಯಕ್ಕೆ ತೀರ್ಪೇ ಬೇಡವೆಂದಲ್ಲ. ಈ ಎರಡನ್ನೂ ಬೇರ್ಪಡಿಸಿ ನೋಡಲು ಶ್ರೀನಿವಾಸರಿಗೆ ಬರುತ್ತಿತ್ತು. ಸುತ್ತಲಿನ ಆಡಳಿತಕ್ಕೆ ಬರುತ್ತಿರಲಿಲ್ಲ.

ನಮಗೂ ಬರುತ್ತಿರಲಿಲ್ಲ. ಮರುತಿಂಗಳೇ, 1991ರ ಡಿಸೆಂಬರ್‌ನಲ್ಲಿ, ಕಾವೇರಿಯ ಮಧ್ಯಂತರ ಆದೇಶದ ಸಿಟ್ಟಿನಲ್ಲಿ ಬೆಂಗಳೂರಿನ ತಮಿಳರ ಮೇಲೆ ದಾಳಿಗಳಾದವು. ನದಿ ನೀರಿನ ಲೆಕ್ಕಕ್ಕೂ ಗುಡಿಸಲಿನ ಕೂಲಿಗಾರನಿಗೂ ಏನು ಸಂಬಂಧ? ಭಾಷೆಯೊಂದೇ ಸಾಕ್ಷ್ಯವಾಗಿತ್ತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡದ ನೆಲಬಾಂಬು ಸಿಡಿದು 22 ಮಂದಿ ಸತ್ತ ಮೇಲೆ ಸುತ್ತಲಿನ ಊರುಗಳಿಂದ ನೂರಕ್ಕೂ ಹೆಚ್ಚು ಜನ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಆರೋಪಿಗಳಾದರು. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನೂ ಆ ಕಾಯ್ದೆ ಸಾಕ್ಷ್ಯವಾಗಿ ಒಪ್ಪುತ್ತಿತ್ತು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಅವರಲ್ಲಿ ಬಹುಪಾಲು ಜನರನ್ನು ಖುಲಾಸೆ ಮಾಡಿತು. ಜೈಲಿನಲ್ಲಿ ಕಳೆದ ವರ್ಷಗಳನ್ನು ಅವರಿಗೆ ಮರಳಿ ಕೊಡುವವರು ಯಾರೂ ಇರಲಿಲ್ಲ.

ಈ ಅಭ್ಯಾಸ ಅತ್ಯಂತ ಕ್ರೂರವಾಗಿ ಕಾಣುವುದು ಧರ್ಮಪುರಿ ಜಿಲ್ಲೆಯ ಹರೂರು ಬಳಿಯ ವಾಚಾತಿಯಲ್ಲಿ. ಸಿತ್ತೇರಿ ಬೆಟ್ಟದ ಬುಡದ ಆದಿವಾಸಿ ಹಳ್ಳಿ ಅದು. ಗಂಧ ಬಚ್ಚಿಟ್ಟಿದ್ದಾರೆಂಬ ಗುಮಾನಿಯಿಂದ 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ಸಿಬ್ಬಂದಿ ಊರಿಗೆ ನುಗ್ಗಿದರು. ಮನೆಗಳನ್ನು ಒಡೆದರು, ಜನರನ್ನು ಬಡಿದರು. 18 ಮಂದಿ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಆಮೇಲೂ ಊರಿನವರ ದೂರನ್ನು ಯಾರೂ ನಂಬಲಿಲ್ಲ. ಕಳ್ಳರ ಊರಿನವರೆಂದು ಒಮ್ಮೆ ಬರೆದಾದ ಮೇಲೆ ಅವರ ಕಣ್ಣೀರೂ ಸುಳ್ಳಾಗಿ ಕಂಡಿತು. ಸಿಬಿಐ ತನಿಖೆಗೆ 1995ರಲ್ಲಿ ಹೈಕೋರ್ಟ್ ಆದೇಶ ಬೇಕಾಯಿತು. ಆರೋಪಿಗಳಾಗಿದ್ದ 269 ಮಂದಿಯಲ್ಲಿ 54 ಜನ ವಿಚಾರಣೆ ಮುಗಿಯುವ ಮೊದಲೇ ತೀರಿಕೊಂಡಿದ್ದರು. ಉಳಿದ 215 ಮಂದಿಯನ್ನೂ ಧರ್ಮಪುರಿಯ ಸೆಷನ್ಸ್ ನ್ಯಾಯಾಲಯ 2011ರ ಸೆಪ್ಟೆಂಬರ್ 29ರಂದು ಅಪರಾಧಿಗಳೆಂದು ಸಾರಿತು.

ಈ ತೀರ್ಪು ಮೇಲ್ಮನವಿಯಲ್ಲಿ ಉಳಿದ ಬಗೆಯನ್ನು ಗಮನಿಸಬೇಕು. ಮೇಲ್ಮನವಿ ಕೇಳುತ್ತಿದ್ದ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಪಿ. ವೇಲ್‌ಮುರುಗನ್ 2023ರ ಮಾರ್ಚ್‌ನಲ್ಲಿ ಖುದ್ದಾಗಿ ವಾಚಾತಿಗೆ ಹೋಗಿ, ಊರಿನವರ ಮಾತು ಕೇಳಿ, ಜಾಗ ನೋಡಿ ಬಂದರು. ಆಮೇಲೆ, ಸೆಪ್ಟೆಂಬರ್ 29ರಂದು, ಮೇಲ್ಮನವಿಗಳನ್ನು ತಳ್ಳಿಹಾಕಿ ನೊಂದ ಮಹಿಳೆಯರಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿದರು. ವಾಚಾತಿಗೆ ನುಗ್ಗಿದ ಸಿಬ್ಬಂದಿಗೆ ಇಡೀ ಊರು ಒಂದೇ ಮುಖವಾಗಿತ್ತು. ನ್ಯಾಯಾಲಯವೂ ಇಲಾಖೆಗಳನ್ನು ಹಾಗೆಯೇ ಕಂಡು ಖಾಕಿಯನ್ನೇ ದೂರಬಹುದಿತ್ತು. ಹಾಗಾಗಲಿಲ್ಲ. ಯಾರು ಏನು ಮಾಡಿದರೆಂಬುದನ್ನು ಬಿಡಿಬಿಡಿಯಾಗಿ ಅಳೆದು, ಅತ್ಯಾಚಾರದ ಅಪರಾಧವನ್ನು 17 ಮಂದಿಯ ಮೇಲೆ ಮಾತ್ರ ನಿಲ್ಲಿಸಲಾಗಿತ್ತು.

ವಾಚಾತಿಯ ಮಹಿಳೆಯರ ಮಾತು ಹೀಗೆ ನ್ಯಾಯಾಲಯದ ಕಡತ ಸೇರಿದೆ. ಗೋಪಿನಾಥಂ ಕುರಿತು ಕನ್ನಡ ಓದುಗರ ಕೈಗೆ ಹೆಚ್ಚಾಗಿ ಸಿಗುವುದು ವೀರಪ್ಪನ್ ವಿರುದ್ಧದ ಕಾರ್ಯಾಚರಣೆಯ ಕಡೆಯಿಂದ ಹೇಳಿದ ಕಥೆ. 1991ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಐವತ್ತು ದಾಟಿದ್ದಾರೆ. ಶ್ರೀನಿವಾಸ್ ತಮ್ಮ ಜಗಲಿಯ ಮೇಲೆ ಕೂತು ಏನು ಕೇಳಿದರು, ತಾವು ಏನು ಉತ್ತರಿಸಿದೆವು ಎಂದು ಹೇಳಬಲ್ಲವರು ಅವರೇ. ಮೈಸೂರು, ಸೇಲಂಗಳ ವಿಶ್ವವಿದ್ಯಾಲಯಗಳು ಕೂಡಿ ಆ ನೆನಪುಗಳನ್ನು ಅವರದೇ ತಮಿಳಿನಲ್ಲಿ ಧ್ವನಿಮುದ್ರಿಸಿ, ಕನ್ನಡಕ್ಕೆ ತರುವ ಕೆಲಸವನ್ನು ತಡಮಾಡದೆ ಕೈಗೊಳ್ಳಬೇಕಾಗಿದೆ.